ಕೆಂಪು ಸಾಸಿನ ಊಟದ ಮನೆ

ಮೇಜಿನ ಮೇಲೆ ಕೆಂಪು-ಬಿಳಿ ಚೌಕುಳಿಯ ಬಟ್ಟೆ. ಗೋಡೆಯಲ್ಲಿ ನೇಪಲ್ಸ್ ಕೊಲ್ಲಿಯ ಮಾಸಿದ ಚಿತ್ರ, ಅದರ ಪಕ್ಕಕ್ಕೇ ಗಾಯಕ ಫ್ರಾಂಕ್ ಸಿನಾತ್ರನ ಫೋಟೊ. ಮೂಲೆಯಲ್ಲಿ ಹುಲ್ಲು ಹೆಣೆದ ಹೊಟ್ಟೆಯ ಸೀಸೆ, ಅದರ ಬಾಯಿಗೆ ಸಿಕ್ಕಿಸಿದ ಮೇಣದ ಬತ್ತಿ. ಅಡುಗೆಮನೆಯ ಕಡೆಯಿಂದ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವ ವಾಸನೆ. ಅಮೆರಿಕದ ನ್ಯೂಯಾರ್ಕ್, ನ್ಯೂಜೆರ್ಸಿ, ಫಿಲಡೆಲ್ಫಿಯ, ಬಾಸ್ಟನ್ ಕಡೆಯ ಹಳೆಯ ಬಡಾವಣೆಗಳಲ್ಲಿ ಇಂಥ ಹೋಟೆಲುಗಳು ಇನ್ನೂ ಉಳಿದುಕೊಂಡಿವೆ. ಅಲ್ಲಿನ ಜನ ಸಲಿಗೆಯಿಂದ ಇವನ್ನು ‘ರೆಡ್ ಸಾಸ್ ಜಾಯಿಂಟ್’ ಎಂದು ಕರೆಯುತ್ತಾರೆ. ಕೆಂಪು ಸಾಸಿನ ಅಡ್ಡೆ ಎಂದರೆ ಹೆಚ್ಚು ತಪ್ಪಾಗದು.

ಇಲ್ಲಿ ದೊಡ್ಡವರ ದೌಲತ್ತೇನೂ ಇಲ್ಲ. ಜೇಬು ನೋಡಿಕೊಂಡು ಉಣ್ಣುವವರ ಜಾಗ ಇದು. ತಟ್ಟೆ ಮಾತ್ರ ದೊಡ್ಡದು. ಅರ್ಧ ಉಂಡು ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗುವುದು ಇಲ್ಲಿಯ ರೂಢಿ. ಭಾನುವಾರ ಬಂದರೆ ಮೂರು ತಲೆಮಾರು ಒಂದೇ ಮೇಜಿಗೆ ಕೂರುತ್ತದೆ. ಎಪ್ಪತ್ತು ದಾಟಿದವರು ಮೊದಲ ತುತ್ತಿಗೇ ‘ನಮ್ಮ ಅಜ್ಜಿ ಮಾಡುತ್ತಿದ್ದದ್ದು ಹೀಗೇ’ ಎನ್ನುತ್ತಾರೆ. ಇಲ್ಲವೇ ‘ಅಜ್ಜಿಯದು ಇದಕ್ಕಿಂತ ಚೆನ್ನಾಗಿತ್ತು’ ಎನ್ನುತ್ತಾರೆ. ಎರಡೂ ಹೊಗಳಿಕೆಯೇ. ಮೊಮ್ಮಕ್ಕಳು ತಲೆಯೆತ್ತದೆ ತಿನ್ನುತ್ತಾರೆ.

ಆದರೆ ಈ ಅಜ್ಜಿಯ ರುಚಿಯ ಬೆನ್ನು ಹತ್ತಿ ಇಟಲಿಗೇ ಹೋದವರಿಗೆ ನಿರಾಸೆ ಕಾದಿರುತ್ತದೆ. ಸ್ಪಗೆಟಿಯ ರಾಶಿಯ ಮೇಲೆ ನಿಂಬೆಹಣ್ಣಿಗಿಂತ ದೊಡ್ಡ ಮಾಂಸದ ಉಂಡೆಗಳನ್ನಿಟ್ಟು ಬಡಿಸುವ ಪದ್ಧತಿ ಅಲ್ಲಿಲ್ಲ. ಮಾಂಸದ ಉಂಡೆ ಅಲ್ಲಿಯೂ ಉಂಟು, ಪಾಸ್ತಾ ಅಂತೂ ಇದ್ದೇ ಇದೆ. ಆದರೆ ಪಾಸ್ತಾ ಮೊದಲ ಸರದಿಯದು, ಮಾಂಸ ಎರಡನೆಯ ಸರದಿಯದು. ಒಂದೇ ತಟ್ಟೆಯಲ್ಲಿ ಎರಡನ್ನೂ ಕೂಡಿಸಿದ್ದು ಅಮೆರಿಕ. ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದ ಕೋಳಿಯ ತುಂಡಿಗೆ ಟೊಮ್ಯಾಟೊ ಸಾಸು, ಚೀಸು ಹೊದಿಸುವ ‘ಚಿಕನ್ ಪಾರ್ಮೆಸಾನ್’ ಕೂಡ ಅಷ್ಟೇ. ಅದರ ಮೂಲ ದಕ್ಷಿಣ ಇಟಲಿಯ ಬದನೆಕಾಯಿಯ ಅಡುಗೆ. ಬದನೆ ಇದ್ದ ಜಾಗಕ್ಕೆ ಕೋಳಿ ಬಂದು ಕೂತದ್ದು ಹಡಗು ದಾಟಿದ ಮೇಲೆ. ಬ್ರೆಡ್ಡಿಗೆ ಬೆಣ್ಣೆ-ಬೆಳ್ಳುಳ್ಳಿ ಸವರಿ ಸುಡುವ ‘ಗಾರ್ಲಿಕ್ ಬ್ರೆಡ್’ ಸಹ ಅಲ್ಲಿಯ ಎಣ್ಣೆ ಸವರಿದ ರೊಟ್ಟಿ ಅಮೆರಿಕದಲ್ಲಿ ತಾಳಿದ ಹೊಸ ಅವತಾರ.

ಹಾಗಾದರೆ ಇದು ಖೋಟಾ ಅಡುಗೆಯೇ? ಇಟಲಿಯ ಶುದ್ಧಿವಾದಿಗಳು ಹೌದೆನ್ನುತ್ತಾರೆ. ಆ ಅಭಿಪ್ರಾಯ ತೀರ ದುಡುಕಿನದು. ಆ ತಟ್ಟೆಯಲ್ಲಿರುವುದು ಹಸಿದು ಬಂದವರ ಚರಿತ್ರೆ. ಅದನ್ನು ತಿಳಿದರೆ ಕೋಳಿ ಏಕೆ ಬಂತು, ಉಂಡೆ ಏಕೆ ಅಷ್ಟು ದಪ್ಪವಾಯಿತು ಎಂಬುದೂ ತಿಳಿಯುತ್ತದೆ.

1880ರಿಂದ 1920ರ ದಶಕದ ಆರಂಭದವರೆಗೆ ಇಟಲಿಯಿಂದ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಅಮೆರಿಕಕ್ಕೆ ವಲಸೆ ಬಂದರು. 1892ರಲ್ಲಿ ತೆರೆದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ತಪಾಸಣಾ ಕೇಂದ್ರದಲ್ಲಿ ಸಾಲುಗಟ್ಟಿ ನಿಂತವರಲ್ಲಿ ಇವರ ಪಾಲು ದೊಡ್ಡದು. ಬಹುಮಟ್ಟಿಗೆ ದಕ್ಷಿಣದವರು, ನೇಪಲ್ಸ್ ಸುತ್ತಿನ ಕಂಪಾನಿಯ, ಕಲಾಬ್ರಿಯ, ಬಸಿಲಿಕಾಟ, ಸಿಸಿಲಿಯ ಬಡ ರೈತರು, ಕೂಲಿಗಳು. ಇವರು ಊರಿನಲ್ಲಿ ಉಣ್ಣುತ್ತಿದ್ದುದೇನು? ಒರಟು ರೊಟ್ಟಿ, ಸೊಪ್ಪು, ಬೀನ್ಸು, ಈರುಳ್ಳಿ. ಮಾಂಸ ಹಬ್ಬಕ್ಕೆ ಮಾತ್ರ. ಎಷ್ಟೋ ಹಳ್ಳಿಗಳಲ್ಲಿ ಗೋಧಿಯ ಪಾಸ್ತಾ ಕೂಡ ಹಬ್ಬದ ಅಡುಗೆಯೇ ಆಗಿತ್ತು. ಒಳ್ಳೆಯ ಎಣ್ಣೆ, ಒಳ್ಳೆಯ ಚೀಸು ಜಮೀನ್ದಾರನ ಮನೆಯಲ್ಲಿ ಕಂಡದ್ದೇ ಹೊರತು ತಮ್ಮ ಬಾಯಿಗೆ ಬಿದ್ದದ್ದಲ್ಲ.

ಅಮೆರಿಕದಲ್ಲಿ ಇವರು ಸುರಂಗ ತೋಡಿದರು, ರಸ್ತೆ ಹಾಕಿದರು, ಹಡಗಿನ ಮೂಟೆ ಹೊತ್ತರು. ಹೆಂಗಸರು ಬಟ್ಟೆ ಹೊಲಿದರು. ಕೂಲಿ ಕಡಿಮೆಯೇ. ಆದರೆ ಆ ಕೂಲಿಗೂ ಕಸಾಯಿಯ ಅಂಗಡಿಯಲ್ಲಿ ಮಾಂಸ ಸಿಗುತ್ತಿತ್ತು! ಬಿಳಿ ಹಿಟ್ಟು, ಸಕ್ಕರೆ, ಕಾಫಿ ಕೈಗೆಟುಕಿತು. ಊರಿನಲ್ಲಿ ವರ್ಷಕ್ಕೆ ನಾಲ್ಕಾರು ಸಲ ಕಂಡ ಹಬ್ಬದೂಟ ಇಲ್ಲಿ ವಾರವಾರದ ಊಟವಾಯಿತು. ಉಂಡೆ ದಪ್ಪವಾದದ್ದು, ಸಾಸಿಗೆ ಮಾಂಸ ಬಿದ್ದದ್ದು, ಚೀಸಿನ ಹೊದಿಕೆ ಮಂದವಾದದ್ದು ಹೀಗೆ. ಬಡವನ ಕನಸಿನಲ್ಲಿದ್ದ ಶ್ರೀಮಂತನ ಅಡುಗೆ ಅದು.

ಇನ್ನೊಂದು ವಿಚಿತ್ರವುಂಟು. ಇಟಲಿ ಒಂದು ದೇಶವಾಗಿ ಕೂಡಿದ್ದೇ 1861ರಲ್ಲಿ. ಬಂದವರು ತಮ್ಮನ್ನು ಇಟಾಲಿಯನ್ನರೆಂದುಕೊಂಡಿರಲಿಲ್ಲ. ನೇಪಲ್ಸಿನವ, ಪಲೆರ್ಮೊದವ, ಇಂಥ ಹಳ್ಳಿಯವ ಎಂದೇ ತಿಳಿದಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತಿತ್ತು. ನ್ಯೂಯಾರ್ಕಿನ ಒಂದೇ ವಠಾರದಲ್ಲಿ ಒಂದೇ ಮಹಡಿಯಲ್ಲಿ ಬದುಕಬೇಕಾಗಿ ಬಂದಾಗ ಸಿಸಿಲಿಯವಳ ಬದನೆಕಾಯಿಯ ರುಚಿ ನೇಪಲ್ಸಿನವಳಿಗೆ ಗೊತ್ತಾಯಿತು, ಇವಳ ಟೊಮ್ಯಾಟೊ ಸಾಸು ಅವಳ ಒಲೆಗೆ ಹೋಯಿತು. ‘ಇಟಾಲಿಯನ್ ಅಡುಗೆ’ ಎಂಬ ಒಟ್ಟು ಹೆಸರು ಗಟ್ಟಿಯಾದದ್ದರಲ್ಲಿ ಈ ವಠಾರಗಳ ಪಾಲು ಸಣ್ಣದಲ್ಲ.

ಇಂಥ ವಠಾರಗಳ ದೊಡ್ಡ ಕೇರಿ ಮ್ಯಾನ್‌ಹಟನ್ ದ್ವೀಪದ ಈಶಾನ್ಯ ಮೂಲೆಯ ಈಸ್ಟ್ ಹಾರ್ಲೆಮ್. ಒಂದು ಕಾಲಕ್ಕೆ ಇಡೀ ಅಮೆರಿಕದಲ್ಲೇ ಅತಿ ದೊಡ್ಡ ಇಟಾಲಿಯನ್ ಬಡಾವಣೆಗಳಲ್ಲಿ ಇದೊಂದು. 115ನೇ ಬೀದಿಯಲ್ಲಿ ಮೌಂಟ್ ಕಾರ್ಮೆಲ್ ಮಾತೆಯ ಚರ್ಚು. ಪ್ರತಿ ಜುಲೈ 16ಕ್ಕೆ ಅಲ್ಲಿ ಜಾತ್ರೆ. 114ನೇ ಬೀದಿಯಲ್ಲಿ 1896ರಲ್ಲಿ ಶುರುವಾದ ‘ರಾವೋಸ್’ ಎಂಬ ಸಣ್ಣ ಹೋಟೆಲು. ಫಸ್ಟ್ ಅವೆನ್ಯೂದಲ್ಲಿ 118ನೇ ಬೀದಿಯ ಹತ್ತಿರ 1933ರಲ್ಲಿ ಆರಂಭವಾದ ‘ಪ್ಯಾಟ್ಸಿಸ್’ ಪಿಜ್ಜಾ ಅಂಗಡಿ, ಕಲ್ಲಿದ್ದಲಿನ ಒಲೆಯದು. ಪಿಜ್ಜಾವನ್ನು ತುಂಡು ಮಾಡಿ ಮಾರುವುದನ್ನು ಕಲಿಸಿದ್ದು ತಾವೇ ಎಂಬ ಹೆಮ್ಮೆ ಇವರದು.

ಇದೇ ಕೇರಿಗೆ 1896ರಲ್ಲಿ ಒಂಬತ್ತರ ಹುಡುಗನೊಬ್ಬ ಬಂದಿಳಿದ. ದಕ್ಷಿಣ ಇಟಲಿಯ ಆವಿಲ್ಯಾನೊ ಎಂಬ ಬೆಟ್ಟದೂರಿನವನು. ಹೆಸರು ಲಿಯೊನಾರ್ದೊ ಕೊವಿಯೆಲ್ಲೊ. ತಂದೆ ಮೊದಲೇ ಬಂದು ದುಡಿಯುತ್ತಿದ್ದ. ಹುಡುಗನನ್ನು ಸೇರಿಸಿದ ಶಾಲೆಗೆ ಕೇರಿಯವರು ಇಟ್ಟ ಹೆಸರು ‘ಸೂಪ್ ಶಾಲೆ’. ಅಲ್ಲಿ ಮಧ್ಯಾಹ್ನ ಒಂದು ಬಟ್ಟಲು ಸೂಪು ಕೊಡುತ್ತಿದ್ದರು. ಒಮ್ಮೆ ಶಾಲೆಯವರು ಮನೆಗೊಯ್ಯಲು ಓಟ್ಸ್ ಧಾನ್ಯದ ಪೊಟ್ಟಣ ಕೊಟ್ಟರು, ಇದು ಆರೋಗ್ಯಕ್ಕೆ ಒಳ್ಳೆಯದು, ಮನೆಯಲ್ಲಿ ಮಾಡಿಸಿಕೊಂಡು ತಿನ್ನಿ ಎಂದು. ತಂದೆ ಪೊಟ್ಟಣ ಬಿಚ್ಚಿ ಮುಟ್ಟಿ ನೋಡಿ ಸಿಟ್ಟಾದ. ಅವನ ಊರಿನಲ್ಲಿ ಅದು ದನ-ಹಂದಿಗಳ ಮೇವು. ಮಕ್ಕಳ ಕೈಯಲ್ಲಿ ಪಶುಗಳ ಆಹಾರ ಕಳಿಸುವ ಇದೆಂಥ ಶಾಲೆ ಎಂಬುದು ಅವನ ಪ್ರಶ್ನೆ!

ಮುಂದೆ ಹೆಸರಿನ ಸರದಿ. ಟೀಚರಿಗೆ ‘ಕೊವಿಯೆಲ್ಲೊ’ ಉಚ್ಚರಿಸಲು ಕಷ್ಟವಾಗಿ ಅದು ‘ಕೊವೆಲ್ಲೊ’ ಆಯಿತು. ಅಂಕಪಟ್ಟಿ ಮನೆಗೆ ಬಂದ ದಿನ ರಾದ್ಧಾಂತ. ಹೆಸರು ಎಂದರೆ ಮಾನ, ಅದನ್ನು ಬದಲಿಸಲು ಇವರಾರು ಎಂದು ಅಪ್ಪ-ಅಮ್ಮ ಕೇಳಿದರೆ, ನಿಮಗಿದೆಲ್ಲ ತಿಳಿಯುವುದಿಲ್ಲ ಎಂದು ಮಗ ಉತ್ತರ ಕೊಟ್ಟ. ನೀನು ಅಮೆರಿಕದವನಾದ ಮೇಲೆ ಎಲ್ಲ ನಿನಗೇ ಗೊತ್ತು, ನಮಗೇನೂ ಗೊತ್ತಿಲ್ಲ ಎಂಬ ಅರ್ಥದ ಮಾತು ತಾಯಿಯ ಬಾಯಿಂದ ಬಂತು. ಆ ಮಾತು ಮಗನನ್ನು ಜೀವಮಾನವಿಡೀ ಬಿಡಲಿಲ್ಲ. ಮುಂದೆ ಶಿಕ್ಷಣತಜ್ಞನಾಗಿ ಹೆಸರಾದ ಲೆನಾರ್ಡ್ ಕೊವೆಲ್ಲೊ 1958ರಲ್ಲಿ ಪ್ರಕಟಿಸಿದ ‘ದಿ ಹಾರ್ಟ್ ಈಸ್ ದಿ ಟೀಚರ್’ ಎಂಬ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾರೆ. ತಮ್ಮ ಓರಗೆಯ ಮಕ್ಕಳು ಅಮೆರಿಕನ್ನರಾದ ಬಗೆಯೆಂದರೆ ಹೆತ್ತವರ ಬಗ್ಗೆ ನಾಚಿಕೆಪಡಲು ಕಲಿತದ್ದು ಎಂಬುದು ಅವರ ನೊಂದ ನೆನಪಿನ ತಾತ್ಪರ್ಯ.

ನಾಚಿಕೆ ಮೊದಲು ಕಾಣುತ್ತಿದ್ದುದು ಊಟದ ಪೊಟ್ಟಣದಲ್ಲಿ. ಆ ತಲೆಮಾರಿನ ಇಟಾಲಿಯನ್-ಅಮೆರಿಕನ್ನರ ನೆನಪಿನ ಬರಹಗಳಲ್ಲಿ ಈ ಪೊಟ್ಟಣ ಮತ್ತೆ ಮತ್ತೆ ಬರುತ್ತದೆ. ದಪ್ಪ ಸಿಪ್ಪೆಯ ಬ್ರೆಡ್ಡಿನೊಳಗೆ ಎಣ್ಣೆಯಲ್ಲಿ ಹುರಿದ ದೊಣ್ಣೆಮೆಣಸು, ಮೊಟ್ಟೆ. ಎಣ್ಣೆ ಕಾಗದಕ್ಕೆ ಇಳಿದು ಕಲೆ ಕಟ್ಟುತ್ತಿತ್ತು, ಬೆಳ್ಳುಳ್ಳಿಯ ವಾಸನೆ ತರಗತಿ ತುಂಬುತ್ತಿತ್ತು. ಪಕ್ಕದ ಹುಡುಗನದು ಅಂಚು ಕತ್ತರಿಸಿದ ಮೆತ್ತನೆಯ ಬಿಳಿ ಬ್ರೆಡ್ಡು, ವಾಸನೆಯಿಲ್ಲ, ಕಲೆಯಿಲ್ಲ. ತಾಯಿ ಬೆಳಗಾಗೆದ್ದು ಕಟ್ಟಿಕೊಟ್ಟದ್ದನ್ನು ಮಕ್ಕಳು ಮರೆಯಲ್ಲಿ ಕೂತು ತಿಂದರು, ಕೆಲವರು ಎಸೆದೇ ಬಿಟ್ಟರು. ಬೇರೆ ಊರಿನಿಂದ ಬಂದು ಪಟ್ಟಣದ ಶಾಲೆ ಸೇರಿದ ಯಾವ ಮಗುವಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾಚಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆ ಕಾಲದ ಸಮಾಜ ಸೇವಕಿಯರು, ಆಹಾರ ಶಾಸ್ತ್ರದ ಪರಿಣತರು ವಲಸಿಗರ ಅಡುಗೆಯನ್ನು ತಿದ್ದಲು ಟೊಂಕ ಕಟ್ಟಿದ್ದರು. ಮಸಾಲೆ ನರಗಳನ್ನು ಕೆರಳಿಸುತ್ತದೆ, ಒಂದೇ ಪಾತ್ರೆಯಲ್ಲಿ ಹಲವನ್ನು ಬೆರೆಸಿ ಬೇಯಿಸಿದರೆ ಜೀರ್ಣವಾಗದು ಎಂಬುದು ಅವರ ಶಾಸ್ತ್ರ. ಬೆಳ್ಳುಳ್ಳಿ ತಿನ್ನುವವ ಎನ್ನುವುದೇ ಒಂದು ಬೈಗುಳವಾಗಿತ್ತು. ಬೇಸ್‌ಬಾಲ್ ಆಟದ ಮಹಾ ತಾರೆ ಜೋ ಡಿಮಾಜಿಯೊನನ್ನು 1939ರಲ್ಲಿ ‘ಲೈಫ್’ ಪತ್ರಿಕೆ ಹೊಗಳಿದ್ದು ಹೇಗೆ ಗೊತ್ತೆ? ಈತ ತಲೆಗೆ ಎಣ್ಣೆ ಬಳಿಯುವುದಿಲ್ಲ, ಮೈಯಿಂದ ಬೆಳ್ಳುಳ್ಳಿ ನಾರುವುದಿಲ್ಲ, ಸ್ಪಗೆಟಿಗಿಂತ ಚೀನೀ ಅಡುಗೆಯೇ ಇವನಿಗೆ ಇಷ್ಟ ಎಂದು! ದೇಶವೇ ತಲೆಯ ಮೇಲೆ ಹೊತ್ತುಕೊಂಡ ಆಟಗಾರನ ಪಾಡೇ ಇದಾದರೆ ಶಾಲೆಯ ಹುಡುಗರದೇನು?

ಹೀಗಿದ್ದ ಬೆಳ್ಳುಳ್ಳಿಯ ಅಡುಗೆ ಕೆಲವೇ ದಶಕಗಳಲ್ಲಿ ಅಮೆರಿಕನ್ನರೆಲ್ಲರ ಮೆಚ್ಚಿನ ಊಟವಾದ ಕಥೆಯಲ್ಲಿ ದೊಡ್ಡ ದೊಡ್ಡ ಘಟನೆಗಳ ಕೈವಾಡವಿದೆ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕಿಳಿದಾಗ ಮಾಂಸ ಉಳಿಸಿ ಎಂದು ಸರ್ಕಾರ ಕರೆ ಕೊಟ್ಟಿತು. ಮಾಂಸವಿಲ್ಲದೆ ಹೊಟ್ಟೆ ತುಂಬುವ ಅಡುಗೆಗಳ ಸಾಲಿನಲ್ಲಿ ಸ್ಪಗೆಟಿಗೆ ಗೌರವದ ಜಾಗ ಸಿಕ್ಕಿತು. ಇಟಲಿ ಆಗ ಮಿತ್ರರಾಷ್ಟ್ರ ಬೇರೆ. 1920ರಿಂದ 1933ರವರೆಗೆ ಪಾನನಿರೋಧ. ಮನೆ ಬಳಕೆಗೆ ದ್ರಾಕ್ಷಿ ರಸ ಮಾಡಿಕೊಳ್ಳಲು ಕಾನೂನಿನಲ್ಲಿ ಸಂದು ಉಳಿದಿತ್ತು. ಇಟಾಲಿಯನ್ ಮನೆಗಳ ಮುಂಗೋಣೆಗಳು ಕಳ್ಳ ಹೋಟೆಲುಗಳಾದವು. ಕಾಫಿ ಕಪ್ಪಿನಲ್ಲಿ ವೈನ್, ಜೊತೆಗೊಂದು ತಟ್ಟೆ ಸ್ಪಗೆಟಿ. ಕುಡಿಯಲು ಬಂದ ಬರಹಗಾರರು, ಕಲಾವಿದರು, ಕಾಲೇಜು ಹುಡುಗರು ತಿನ್ನಲು ಕಲಿತರು. 1929ರ ನಂತರದ ಮಹಾ ಕುಸಿತದಲ್ಲಿ ಅಗ್ಗದ ಊಟ ಬೇಕಾದವರೆಲ್ಲ ಇತ್ತ ನಡೆದರು.

ಈ ನಡುವೆ ಕ್ಲೀವ್‌ಲೆಂಡ್ ನಗರದಲ್ಲಿ ಎತ್ತೊರೆ ಬೊಯಾರ್ದಿ ಎಂಬ ಬಾಣಸಿಗನ ಹೋಟೆಲಿನಲ್ಲಿ ಗಿರಾಕಿಗಳು ಊಟ ಮುಗಿಸಿ ಸಾಸನ್ನು ಮನೆಗೂ ಕೇಳತೊಡಗಿದರು. ಅವನು ಹಾಲಿನ ಬಾಟಲಿಗಳಲ್ಲಿ ತುಂಬಿಸಿ ಕೊಟ್ಟ. 1928ರ ಹೊತ್ತಿಗೆ ಕಾರ್ಖಾನೆಯೇ ಎದ್ದಿತು. ಅಮೆರಿಕನ್ನರ ನಾಲಿಗೆ ಹೊರಳಲೆಂದು ಡಬ್ಬಿಯ ಮೇಲೆ ತನ್ನ ಹೆಸರನ್ನು ‘ಬಾಯ್-ಆರ್-ಡಿ’ ಎಂದು ಮುರಿದು ಬರೆಸಿದ. ಎರಡನೆಯ ಮಹಾಯುದ್ಧದಲ್ಲಿ ಅವನ ಕಾರ್ಖಾನೆ ಹಗಲು ರಾತ್ರಿ ದುಡಿದು ಸೈನಿಕರಿಗೆ ಡಬ್ಬಿ ಊಟ ಕಳಿಸಿತು. ಯುದ್ಧ ಮುಗಿದು ಬಂದ ಅಯೋವಾ, ನೆಬ್ರಾಸ್ಕದ ರೈತರ ಮಕ್ಕಳಿಗೂ ಈ ಕೆಂಪು ಸಾಸು ಪರಿಚಿತವಾಗಿತ್ತು. ಡಬ್ಬಿಯ ಸ್ಪಗೆಟಿ ರುಚಿಯಲ್ಲಿ ಅಂಥ ಹೆಚ್ಚುಗಾರಿಕೆಯದಲ್ಲ, ಆ ಮಾತು ಬೇರೆ.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಯಾವ ಪೊಟ್ಟಣವನ್ನು ಬಚ್ಚಿಟ್ಟು ತಿಂದರೋ ಅದೇ ವಾಸನೆಗೆ ಮುದಿ ವಯಸ್ಸಿನಲ್ಲಿ ಕಣ್ಣು ತುಂಬುವುದೇಕೆ?

ಉತ್ತರದ ಒಂದು ಭಾಗ ಮೂಗಿನಲ್ಲಿದೆ. ರುಚಿ ಎಂದು ಕರೆಯುವುದರಲ್ಲಿ ನಾಲಿಗೆಯ ಪಾಲು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಇಷ್ಟೇ. ಉಳಿದದ್ದು ಅಗಿಯುವಾಗ ಗಂಟಲ ಹಿಂಬದಿಯಿಂದ ಮೂಗಿಗೆ ಏರುವ ವಾಸನೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದಕ್ಕೇ. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮೆದುಳಿನ ಥಲಾಮಸ್ ಎಂಬ ಚೌಕಿಯನ್ನು ಹಾದು ಮೇಲೆ ಹೋಗುತ್ತದೆ. ವಾಸನೆಯ ಸಂದೇಶಕ್ಕೆ ಈ ಚೌಕಿಯಲ್ಲಿ ಮೊದಲು ನಿಲ್ಲುವ ಕಟ್ಟಳೆಯಿಲ್ಲ. ಭಾವನೆಯ ಕೇಂದ್ರವಾದ ಅಮಿಗ್ಡಲ, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಅದರ ಹತ್ತಿರದ ನೆಂಟರು. ಹೀಗಾಗಿ ವಾಸನೆ ಎಬ್ಬಿಸುವ ನೆನಪು ಮಾತಿಗಿಂತ ಮೊದಲೇ ಮನಸ್ಸನ್ನು ತಾಕುತ್ತದೆ. ಎಲ್ಲಿ, ಯಾವಾಗ ಎಂಬುದು ಆಮೇಲೆ ಹೊಳೆಯುತ್ತದೆ.

ಇದು ತೊಟ್ಟಿಲಿನಲ್ಲೇ ಶುರುವಾಗುತ್ತದೆ. ಫಿಲಡೆಲ್ಫಿಯದ ಮೊನೆಲ್ ಸಂಶೋಧನಾ ಕೇಂದ್ರದ ಜೂಲಿ ಮೆನೆಲ್ಲ ಮತ್ತು ಗ್ಯಾರಿ ಬ್ಯೂಷಾಂಪ್ 1991ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯಕರ. ಹಾಲೂಡಿಸುವ ತಾಯಂದಿರಿಗೆ ಬೆಳ್ಳುಳ್ಳಿಯ ಗುಳಿಗೆ ಕೊಟ್ಟರು. ಒಂದೆರಡು ತಾಸಿನಲ್ಲಿ ಹಾಲಿಗೆ ಆ ವಾಸನೆ ಇಳಿಯಿತು. ಮಕ್ಕಳು ಮುಖ ತಿರುಗಿಸಿಯಾವೆಂದು ಯಾರಾದರೂ ಎಣಿಸಬಹುದು. ಆದರೆ ಅವು ಮೊಲೆಗೆ ಹೆಚ್ಚು ಹೊತ್ತು ಅಂಟಿಕೊಂಡವು! ತಾಯಿ ಏನು ಉಣ್ಣುತ್ತಾಳೋ ಅದರ ಪರಿಚಯ ಮಗುವಿಗೆ ಹಲ್ಲು ಬರುವ ಮುಂಚೆಯೇ ಆಗಿರುತ್ತದೆ. ಹತ್ತನೆಯ ವಯಸ್ಸಿನಲ್ಲಿ ಹುಡುಗ ಪೊಟ್ಟಣ ಎಸೆಯಬಹುದು; ಈ ಪರಿಚಯವನ್ನು ಎಸೆಯಲಾರ.

ಇನ್ನು ಆ ಸಾಸಿನ ಒಳಗುಟ್ಟು. ಟೊಮ್ಯಾಟೊ ಮೂಲತಃ ಅಮೆರಿಕ ಖಂಡದ ಗಿಡ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಇಟಲಿಗೆ ಹೋಯಿತು. ಬಹುಕಾಲ ಅನುಮಾನದ ಕಣ್ಣಿಗೆ ಗುರಿಯಾಗಿ, ಕೊನೆಗೆ ನೇಪಲ್ಸಿನ ಒಲೆ ಸೇರಿ, ವಲಸಿಗರ ಜೊತೆ ಡಬ್ಬಿಗಳಲ್ಲಿ ಮರಳಿ ಅಮೆರಿಕಕ್ಕೇ ಬಂತು. ಹಣ್ಣಾದ ಟೊಮ್ಯಾಟೊದಲ್ಲಿ ಗ್ಲುಟಾಮೇಟ್ ಎಂಬ ಅಂಶ ಧಾರಾಳ. 1908ರಲ್ಲಿ ಜಪಾನಿನ ಕಿಕುನೆ ಇಕೆಡ ಉಮಾಮಿ ಎಂದು ಹೆಸರಿಟ್ಟ ರುಚಿ ಇದರದೇ. ಹಳೆಯ ಪಾರ್ಮೆಸಾನ್ ಚೀಸಿನಲ್ಲೂ ಅದು ತುಂಬಿದೆ. ಎರಡೂ ಕೂಡಿದಾಗ ಮಾಂಸವಿಲ್ಲದಿದ್ದರೂ ಮಾಂಸದ ಸಾರಿನಂಥ ತೂಕ ಬರುತ್ತದೆ. ಬೆಳ್ಳುಳ್ಳಿಯನ್ನು ಜಜ್ಜಿದಾಗ ಅದರ ಎಸಳಿನೊಳಗೆ ಬೇರೆ ಬೇರೆ ಇದ್ದ ಎರಡು ವಸ್ತುಗಳು ಸೇರಿ ಅಲಿಸಿನ್ ಹುಟ್ಟುತ್ತದೆ, ಘಾಟು ಅದರದು. ಎಣ್ಣೆಯಲ್ಲಿ ಮೆಲ್ಲಗೆ ಬೆಂದರೆ ಘಾಟು ಇಳಿದು ಸಿಹಿ ಉಳಿಯುತ್ತದೆ, ಸೀದರೆ ಕಹಿ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡುವ ಮೊದಲೇ ಒಲೆಗೇರಿಸಿ ಮೂರು ನಾಲ್ಕು ತಾಸು ಕುದಿಸುವ ‘ಸಂಡೆ ಗ್ರೇವಿ’ ನೇಪಲ್ಸಿನ ರಾಗೂವಿನ ನೇರ ಸಂತತಿ. ಅದರಲ್ಲಿ ಅಡಗಿರುವುದು ಮುಖ್ಯವಾಗಿ ತಾಳ್ಮೆ.

ಅಗ್ಗವಾಗಿರುವ ಲೆಕ್ಕಾಚಾರವೂ ಈ ಪಾತ್ರೆಯಲ್ಲೇ ಇದೆ. ಹಿಟ್ಟು, ನೀರು, ಟೊಮ್ಯಾಟೊ. ಬೆಲೆ ಬಾಳುವ ಸಾಮಾನೇ ಕಡಿಮೆ. ಒಣ ಪಾಸ್ತಾ ಬೆಂದರೆ ಎರಡರಷ್ಟಾಗುತ್ತದೆ. ಬೆಳಿಗ್ಗೆ ಕುದಿಸಿದ ಒಂದು ಹಂಡೆ ಸಾಸು ಸ್ಪಗೆಟಿಗೂ ಆಯಿತು, ಬದನೆಕಾಯಿಗೂ ಆಯಿತು, ಕೋಳಿಗೂ ಆಯಿತು, ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್ಚಿಗೂ ಆಯಿತು. ಕಾರ್ಡಿನಲ್ಲಿ ನಲವತ್ತು ಹೆಸರು, ಒಳಗೆ ಒಂದೇ ಹಂಡೆ! ಗಲ್ಲಾದಲ್ಲಿ ಅಪ್ಪ, ಒಲೆ ಮುಂದೆ ಅಮ್ಮ, ಶಾಲೆ ಬಿಟ್ಟ ಮೇಲೆ ಮೇಜು ಒರೆಸಲು ಮಕ್ಕಳು. ಕಟ್ಟಡ ಸ್ವಂತದ್ದಾದರೆ ಬಾಡಿಗೆಯೂ ಇಲ್ಲ. ಉಡುಪಿ ಹೋಟೆಲುಗಳ ಕಥೆ ಬಲ್ಲವರಿಗೆ ಈ ಅರ್ಥಶಾಸ್ತ್ರ ಹೊಸದೆನಿಸದು.

ನ್ಯೂಯಾರ್ಕಿನಲ್ಲಿ ಇದಕ್ಕೊಂದು ಅಳತೆಗೋಲೂ ಇತ್ತು. 1980ರಲ್ಲಿ ಎರಿಕ್ ಬ್ರಾಮ್ ಎಂಬವರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ತಮಾಷೆಯ ಸಂಗತಿಯೊಂದನ್ನು ಎತ್ತಿ ತೋರಿಸಿದರು. 1960ರ ದಶಕದ ಆರಂಭದಿಂದಲೂ ಪಿಜ್ಜಾದ ಒಂದು ತುಂಡಿನ ಬೆಲೆ ನೆಲದಡಿಯ ರೈಲಿನ ಒಂದು ಸಲದ ದರಕ್ಕೆ ಹೆಚ್ಚುಕಡಿಮೆ ಸಮ. 15 ಸೆಂಟಿದ್ದಾಗ ಎರಡೂ 15 ಸೆಂಟು, ಒಂದು ಏರಿದರೆ ಇನ್ನೊಂದೂ ಏರುತ್ತದೆ. ದಶಕಗಳ ಕಾಲ ಈ ನಿಯಮ ಚೆನ್ನಾಗಿಯೇ ನಡೆಯಿತು. 2023ರಲ್ಲಿ ರೈಲಿನ ದರ 2.90 ಡಾಲರಿಗೆ ಏರುವ ಹೊತ್ತಿಗೆ ಪಿಜ್ಜಾ ಅದನ್ನು ಹಿಂದೆ ಹಾಕಿ ಮುಂದೆ ಓಡಿತ್ತು. ಬಾಡಿಗೆ, ಕೂಲಿ, ಚೀಸು ಎಲ್ಲದರ ಬೆಲೆ ಏರಿದ್ದರ ಫಲ ಅದು.

ಅಮೆರಿಕದಲ್ಲಿ ಓದಲು ಹೋಗುವ ಕನ್ನಡದ ಹುಡುಗ ಹುಡುಗಿಯರಿಗೆ ಇಂಥ ಹೋಟೆಲು ಹಲವು ಸಲ ಮೊದಲ ಆಸರೆ. ಟೊಮ್ಯಾಟೊ, ಬೆಳ್ಳುಳ್ಳಿ, ಬದನೆಕಾಯಿ ಮೂರೂ ಬಲ್ಲ ರುಚಿಗಳೇ. ಸಸ್ಯಾಹಾರಿಗಳು ಮಾತ್ರ ಒಂದೆರಡು ವಿಷಯ ಗಮನಿಸಬೇಕು. ‘ಮರಿನಾರ’ ಎಂಬ ಸಾಸಿಗೆ ಸಾಮಾನ್ಯವಾಗಿ ಮಾಂಸ ಬೀಳುವುದಿಲ್ಲ. ‘ಗ್ರೇವಿ’ ಎಂದರೆ ಬಿದ್ದಿದೆ ಎಂದೇ ತಿಳಿಯಬೇಕು. ‘ಎಗ್‌ಪ್ಲಾಂಟ್ ಪಾರ್ಮೆಸಾನ್’ ಎಂಬ ಬದನೆಕಾಯಿಯ ಅಡುಗೆ ಕೇಳಿ ಪಡೆಯುವಂಥದು, ಆದರೆ ಕರಿಯುವ ಮುನ್ನ ಮೊಟ್ಟೆಯಲ್ಲಿ ಅದ್ದುವುದುಂಟು. ತರಕಾರಿಯ ‘ಮಿನೆಸ್ಟ್ರೋನಿ’ ಸೂಪಿಗೂ ಕೆಲವೆಡೆ ಮಾಂಸದ ಸಾರು ಹಾಕುತ್ತಾರೆ. ಇಟಲಿಯಿಂದ ಬರುವ ಅಸಲಿ ಪಾರ್ಮೆಸಾನ್, ಅಂದರೆ ‘ಪಾರ್ಮಿಜಾನೊ ರೆಜಾನೊ’, ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ಟನ್ನೇ ಬಳಸಿ ಮಾಡುವಂಥದು. ಅಲ್ಲಿಯ ನಿಯಮವೇ ಹಾಗಿದೆ. ಕಟ್ಟುನಿಟ್ಟಿನವರು ಬಡಿಸುವವರನ್ನು ಕೇಳಿ ತಿಳಿಯುವುದು ವಾಸಿ. ಕೇಳಿದರೆ ಬೇಸರಪಡುವ ಜನ ಅಲ್ಲ ಅವರು.

ಆದರೆ ಕೇಳಲು ಆ ಹೋಟೆಲುಗಳು ಎಷ್ಟು ದಿನ ಇರುತ್ತವೋ. 1906ರಲ್ಲಿ ಶುರುವಾಗಿ ನ್ಯೂಯಾರ್ಕಿನ ನಾಟಕಶಾಲೆಗಳ ಬಳಿ ಸಾವಿರಾರು ಜನರಿಗೆ ಉಣಬಡಿಸಿದ ‘ಮಾಮಾ ಲಿಯೋನಿಸ್’ 1994ರಲ್ಲಿ ಬಾಗಿಲು ಹಾಕಿತು. ಸಣ್ಣಪುಟ್ಟವು ಸದ್ದಿಲ್ಲದೆ ಮುಚ್ಚುತ್ತವೆ. ಕಾರಣ ನಷ್ಟವೇ ಆಗಬೇಕೆಂದಿಲ್ಲ. ಒಲೆಯ ಬಿಸಿಯಲ್ಲಿ ಹದಿನಾಲ್ಕು ತಾಸು ನಿಂತ ತಂದೆತಾಯಿ, ಮಕ್ಕಳು ಮಾತ್ರ ಹೀಗೆ ನಿಲ್ಲಬಾರದೆಂದು ಓದಿಸಿದರು. ಮಕ್ಕಳು ಓದಿದರು, ವಕೀಲರಾದರು, ಟೀಚರುಗಳಾದರು, ಲಾಂಗ್ ಐಲೆಂಡಿನಲ್ಲೋ ನ್ಯೂಜೆರ್ಸಿಯಲ್ಲೋ ಮನೆ ಮಾಡಿದರು. ಅಪ್ಪ ಅಂದುಕೊಂಡದ್ದು ನೆರವೇರಿತು, ಹೋಟೆಲು ನಡೆಸಲು ಯಾರೂ ಉಳಿಯಲಿಲ್ಲ. ಇದರಲ್ಲಿ ಯಾರ ತಪ್ಪನ್ನೂ ಹಿಡಿಯುವಂತಿಲ್ಲ.

‘ರಾವೋಸ್’ ಉಳಿದಿದೆ, ಬೇರೆ ರೀತಿಯಲ್ಲಿ. ಹತ್ತೇ ಮೇಜು, ಅವು ಹಳೆಯ ಗಿರಾಕಿಗಳಿಗೇ ಮೀಸಲಾಗಿ, ಸಾಮಾನ್ಯನಿಗೆ ಅಲ್ಲಿ ಜಾಗ ಸಿಗುವುದು ಕನಸಿನ ಮಾತು. ಆದರೆ 1992ರಿಂದ ಅದರ ಸಾಸು ಬಾಟಲಿಯಲ್ಲಿ ಮಾರಾಟಕ್ಕಿದೆ. ಆ ಬಾಟಲಿಯ ವ್ಯವಹಾರವಿದ್ದ ಕಂಪನಿಯನ್ನು 2024ರಲ್ಲಿ ಸೂಪಿನ ಡಬ್ಬಿಗಳಿಗೆ ಹೆಸರಾದ ಕ್ಯಾಂಪ್‌ಬೆಲ್ ಸಂಸ್ಥೆ ಸುಮಾರು 270 ಕೋಟಿ ಡಾಲರಿಗೆ ಕೊಂಡಿತು. ತಾಯಿ ಕೈಯ ಪೊಟ್ಟಣವನ್ನು ಮಕ್ಕಳು ಮರೆಮಾಡಿ ತಿಂದ ಕೇರಿಯ ಸಾಸಿಗೆ ಈ ಬೆಲೆ!

ಕೊವೆಲ್ಲೊ ಅವರ ಮುಂದಿನ ಜೀವನವನ್ನೂ ಹೇಳಬೇಕು. ಶಿಕ್ಷಕರಾದ ಮೇಲೆ ಅವರು ಹೋರಾಡಿ, 1922ರಲ್ಲಿ ನ್ಯೂಯಾರ್ಕಿನ ಶಾಲೆಗಳಲ್ಲಿ ಇಟಾಲಿಯನ್ ಭಾಷೆಗೆ ಫ್ರೆಂಚ್ ಮೊದಲಾದವುಗಳ ಸಮಾನ ಸ್ಥಾನ ದೊರಕಿಸಲು ನೆರವಾದರು. 1934ರಲ್ಲಿ ಈಸ್ಟ್ ಹಾರ್ಲೆಮಿನಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲು ತೆರೆದಾಗ ಅದರ ಪ್ರಿನ್ಸಿಪಾಲರಾಗಿ, 1956ರವರೆಗೆ ಅಲ್ಲಿದ್ದರು. ಮಗು ಮನೆಯ ಭಾಷೆ, ಮನೆಯ ಊಟ, ಮನೆಯ ಹಿರಿಯರನ್ನು ಗೇಟಿನ ಹೊರಗಿಟ್ಟು ಒಳಗೆ ಬರಬೇಕಾಗಿಲ್ಲದ ಶಾಲೆಯನ್ನು ಕಟ್ಟುವುದು ಅವರ ಹಂಬಲವಾಗಿತ್ತು. ತಂದೆತಾಯಿಯರನ್ನು ಅವರು ಶಾಲೆಗೆ ಕರೆಸಿದರು, ಶಾಲೆಯನ್ನು ಬೀದಿಗೆ ಒಯ್ದರು. ಪೋರ್ಟೊರಿಕೊದ ಮಕ್ಕಳು ಬರತೊಡಗಿದಾಗ ಅವರಿಗೂ ಇದೇ ನೀತಿ. 1942ರಲ್ಲಿ ಪ್ಲೆಸೆಂಟ್ ಅವೆನ್ಯೂದಲ್ಲಿ, ‘ರಾವೋಸ್’ ಹೋಟೆಲಿನಿಂದ ಒಂದೆರಡು ಬೀದಿಯಾಚೆ, ಶಾಲೆಯ ದೊಡ್ಡ ಕಟ್ಟಡ ಎದ್ದಿತು. ಕಡೆಗಾಲದಲ್ಲಿ ಕೊವೆಲ್ಲೊ ಇಟಲಿಗೆ ಮರಳಿ, 1982ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ವರ್ಷ ಆ ಹೈಸ್ಕೂಲೂ ನಿಂತು, ಕಟ್ಟಡದಲ್ಲಿ ವಿಜ್ಞಾನ-ಗಣಿತದ ಹೊಸ ಪ್ರೌಢಶಾಲೆ ಆರಂಭವಾಯಿತು.

ಕೇರಿಯಲ್ಲಿ ಇಟಾಲಿಯನ್ ಮನೆಗಳು ಈಗ ಬೆರಳೆಣಿಕೆಯವು. ಸ್ಪ್ಯಾನಿಷ್ ಮಾತು ಕೇಳುತ್ತದೆ. ಪೋರ್ಟೊರಿಕೊದವರು, ಅವರ ಹಿಂದೆಯೇ ಬಂದ ಮೆಕ್ಸಿಕೊದ ಪುವೆಬ್ಲ ಸೀಮೆಯವರು. ನ್ಯೂಯಾರ್ಕಿನ ಇಟಾಲಿಯನ್ ಹೋಟೆಲುಗಳ ಅಡುಗೆಮನೆಗಳಲ್ಲಿ ಬೆಳಿಗ್ಗೆ ಬಂದು ಬೆಳ್ಳುಳ್ಳಿ ಜಜ್ಜಿ ಸಾಸಿನ ಹಂಡೆ ಒಲೆಗೇರಿಸುವವರಲ್ಲಿ ಬಹಳಷ್ಟು ಮಂದಿ ಈಗ ಇವರೇ. ಜುಲೈ ತಿಂಗಳ ಜಾತ್ರೆಗೆ ಹಳೆಯ ಕುಟುಂಬಗಳು ಉಪನಗರಗಳಿಂದ ಕಾರಿನಲ್ಲಿ ಬರುತ್ತವೆ, ಮೆರವಣಿಗೆ ಮುಗಿಸಿ ಉಣ್ಣಲು ಕೂರುತ್ತವೆ. ಅಜ್ಜಿಯ ಕೈಯದೇ ಎಂದು ಅವರು ಹೊಗಳುವ ಸಾಸಿನಲ್ಲಿ ಸೌಟಾಡಿಸಿದವನ ಮಕ್ಕಳು ಅದೇ ಸುತ್ತಿನ ಶಾಲೆಗಳಿಗೆ ತಮ್ಮ ಮನೆಯ ಡಬ್ಬಿ ಕಟ್ಟಿಕೊಂಡು ಹೋಗುತ್ತಿರುತ್ತಾರೆ.